ಪಲೋಲೊ ಅಂದ್ರೆ ಹುಳವೋ, ಅಲ್ಲವೋ?

ಪ್ರಶ್ನೆ: ಆಕ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಪಕ್ಕದ ಮನೆಯವರು ಸಮೋವಾದವರು. ಊರಿಂದ ಬಂದದ್ದು ಅಂತ ಫ್ರೀಜರಿನಿಂದ ಒಂದು ಡಬ್ಬಿ ತೆಗೆದರು. ಕಡುಹಸಿರು ಗೊಜ್ಜಿನಂಥದ್ದು. ಬೆಣ್ಣೆಯಲ್ಲಿ ಹುರಿದು ಬ್ರೆಡ್ಡಿನ ಮೇಲೆ ಹಚ್ಚಿ ಕೊಟ್ಟು, 'ಪಲೋಲೊ' ಅಂದರು. ಮೊಮ್ಮಗ ಮೊಬೈಲ್ ನೋಡಿ 'ಅಜ್ಜಿ, ಅದು ಸಮುದ್ರದ ಹುಳ' ಅಂದ. ಆಕೆ ನಕ್ಕು 'ಹುಳ ಅಲ್ಲ, ಪಲೋಲೊ' ಅಂದರು. ಯಾರು ಸರಿ? ಪ್ರವಾಸದ ಬಗ್ಗೆ ಬರೆಯುತ್ತಿದ್ದೇನೆ, ಕನ್ನಡದಲ್ಲಿ ಏನೆಂದು ಬರೆಯಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೇಡಂ, ಇಬ್ಬರೂ ಸರಿ. ಆದರೆ ನಿಮ್ಮ ನೆರೆಯಾಕೆ ಸ್ವಲ್ಪ ಜಾಸ್ತಿ ಸರಿ.

ಹುಳ ಇರುವುದು ನಿಜ. ಹವಳದ ದಿಬ್ಬಗಳ ಸಂದಿಯಲ್ಲಿ ಅವಿತುಕೊಂಡೇ ಬದುಕುತ್ತದೆ. ವರ್ಷಕ್ಕೊಮ್ಮೆ ಅದರ ಹಿಂಭಾಗ ಬದಲಾಗಿ ಮೊಟ್ಟೆಯಿಂದಲೋ ವೀರ್ಯದಿಂದಲೋ ತುಂಬಿಕೊಳ್ಳುತ್ತದೆ. ಆಮೇಲೆ ಕಳಚಿಕೊಂಡು ತಾನೇ ಈಜುತ್ತಾ ನೀರಿನ ಮೇಲಕ್ಕೆ ಬರುತ್ತದೆ. ತಲೆ ಕೆಳಗೇ ಉಳಿದು ಮತ್ತೆ ಬಾಲ ಬೆಳೆಸಿಕೊಳ್ಳುತ್ತದೆ. ಅಂದರೆ ನಿಮ್ಮ ಬ್ರೆಡ್ಡಿನ ಮೇಲಿದ್ದದ್ದು ಪೂರ್ತಿ ಹುಳವೇ ಅಲ್ಲ, ತಲೆಯಿಲ್ಲದ ಬಾಲ! ಹೆಣ್ಣಿನದು ನೀಲಿ-ಹಸಿರು, ಗಂಡಿನದು ಕಂದು. ನೀರಿನ ಮೇಲೆ ಶಾವಿಗೆ ಚೆಲ್ಲಿದ ಹಾಗೆ ಕಾಣುತ್ತದೆ. ಬೆಳಕು ಹರಿಯುತ್ತಿದ್ದಂತೆ ಒಡೆದು ಕರಗಿ ಹೋಗುತ್ತದೆ. ಅದಕ್ಕೇ ಸಮೋವಾದವರು ಕತ್ತಲಲ್ಲೇ ಬಲೆ, ಬಕೆಟ್ಟು, ಲಾಟೀನು ಹಿಡಿದು ನೀರಿಗಿಳಿಯುತ್ತಾರೆ. ಘಮಘಮಿಸುವ ಮೊಸೊಓಯಿ ಹೂವಿನ ಮಾಲೆ ಹಾಕಿಕೊಳ್ಳುವವರೂ ಇದ್ದಾರೆ.

ದಿನ ಯಾವುದು ಅಂತೀರಾ? ಅಕ್ಟೋಬರ್ ಇಲ್ಲವೇ ನವೆಂಬರಿನಲ್ಲಿ, ಹುಣ್ಣಿಮೆ ಕಳೆದು ಒಂದು ವಾರಕ್ಕೆ. ನಮ್ಮ ಪಂಚಾಂಗದಲ್ಲಿ ಹೇಳುವುದಾದರೆ ಆಶ್ವಯುಜ ಅಥವಾ ಕಾರ್ತಿಕದ ಬಹುಳ ಅಷ್ಟಮಿ ಆಸುಪಾಸು.

ಈಗ ಹೆಸರಿಗೆ ಬರೋಣ. ನಾನು ತುಮಕೂರು ಸೀಮೆಯವನು. ಮೊದಲ ಮಳೆ ಬಿದ್ದ ಸಂಜೆ ಹುತ್ತದಿಂದ ರೆಕ್ಕೆ ಹುಳ ಏಳುತ್ತಿದ್ದವು. ಅಜ್ಜಿ ದೀಪದ ಕೆಳಗೆ ನೀರಿನ ಬೇಸಿನ್ ಇಡುತ್ತಿದ್ದಳು. ಬೆಳಿಗ್ಗೆ ರೆಕ್ಕೆ ಕೇರಿ, ಹುರಿದು, ಪುರಿ ಜೊತೆ ಕಲಸಿ ಕೊಡುತ್ತಿದ್ದಳು. ಅದು ಈಸಲು. ತೊಲೆ ತಿಂದು ಹಾಕುವುದು ಗೆದ್ದಲು. ಎರಡೂ ಒಂದೇ ಜಾತಿ ಅಂತ ಅಜ್ಜಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ 'ಗೆದ್ದಲು ಹುರಿದುಕೊಡು' ಅಂದಿದ್ದರೆ ಸೌಟಿನಲ್ಲೇ ಬಾರಿಸುತ್ತಿದ್ದಳು. ನಿಮ್ಮ ನೆರೆಯಾಕೆ ನಕ್ಕದ್ದೂ ಅದಕ್ಕೇ. ಅವರ ಬಾಯಲ್ಲಿ ಪಲೋಲೊ ಅಂದರೆ ಒಂದು ಪ್ರಾಣಿಗಿಂತ ಮೊದಲು ಒಂದು ತಿನಿಸು, ಒಂದು ಬೆಳಗಿನ ಜಾವ.

ಫಿಜಿಯಲ್ಲಿ ಇದೇ ಪದ 'ಬಲೋಲೊ' ಆಗುತ್ತದೆ, ಹೇಳುವಾಗ 'ಂಬಲೋಲೊ' ಅಂತ ಮೂಗಿನಿಂದ ಶುರು. ಅಲ್ಲಿ ಅದು ಕ್ಯಾಲೆಂಡರಿಗೇ ಹತ್ತಿದೆ. ಅಕ್ಟೋಬರಿಗೆ 'ವುಲ ಇ ಬಲೋಲೊ ಲೈಲೈ', ನವೆಂಬರಿಗೆ 'ವುಲ ಇ ಬಲೋಲೊ ಲೇವು'. ಲೈಲೈ ಅಂದರೆ ಚಿಕ್ಕದು, ಲೇವು ಅಂದರೆ ದೊಡ್ಡದು. ನನಗೆ ಖುಷಿ ಕೊಟ್ಟದ್ದು 'ವುಲ'. ಚಂದ್ರನಿಗೂ ಅದೇ, ಮಾಸಕ್ಕೂ ಅದೇ. ನಮ್ಮ 'ತಿಂಗಳು' ಇದ್ದ ಹಾಗೇ ಅಲ್ವಾ? ಚಿಕ್ಕ ಬಲೋಲೊ ತಿಂಗಳು, ದೊಡ್ಡ ಬಲೋಲೊ ತಿಂಗಳು ಅಂತ ಕನ್ನಡಕ್ಕೆ ಒಂಚೂರೂ ಸೋರದೆ ಬರುತ್ತದೆ.

ಇಂಡೋನೇಷ್ಯಾದ ಲೊಂಬೋಕ್‌ನಲ್ಲಿ ಇಂಥದ್ದೇ ಹುಳಗಳಿಗೆ ಬೇರೆ ಹೆಸರು, 'ನ್ಯಾಲೆ'. ಹಿಡಿಯುವ ಹಬ್ಬ 'ಬಾವು ನ್ಯಾಲೆ', ಹೆಚ್ಚಾಗಿ ಫೆಬ್ರವರಿಯಲ್ಲಿ. ತನಗಾಗಿ ಯುದ್ಧ ಆಗಬಾರದೆಂದು ಸಮುದ್ರಕ್ಕೆ ಹಾರಿದ ಮಂಡಾಲಿಕಾ ಎಂಬ ರಾಜಕುಮಾರಿಯೇ ನ್ಯಾಲೆಯಾಗಿ ಬರುತ್ತಾಳೆ ಅಂತ ಅಲ್ಲಿಯ ಕಥೆ.

ವಿಜ್ಞಾನಿಗಳು ಸಮೋವಾದ ಪದವನ್ನೇ ಎತ್ತಿಕೊಂಡು 1847ರಲ್ಲಿ ಪಲೋಲಾ ವಿರಿಡಿಸ್ ಅಂತ ಹೆಸರಿಟ್ಟರು. ವಿರಿಡಿಸ್ ಅಂದರೆ ಲ್ಯಾಟಿನ್ನಿನಲ್ಲಿ ಹಸಿರು. ಪಾಪ, ಕಂದು ಬಣ್ಣದ ಗಂಡುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಇಂಗ್ಲಿಷಿನವರು ಹಿಂದೆ 'ವರ್ಮ್' ಸೇರಿಸಿಕೊಂಡರು, ನಿಮ್ಮ ಮೊಮ್ಮಗ ಓದಿದ್ದು ಅದನ್ನೇ.

ನೀವು ಹೀಗೆ ಮಾಡಿ. ಬಂಡೆಸಂದಿಯ ಜೀವಿಯ ಬಗ್ಗೆ ಬರೆಯುವಾಗ 'ಪಲೋಲೊ ಹುಳ' ಎನ್ನಿ. ತಟ್ಟೆಯಲ್ಲಿದ್ದದ್ದಕ್ಕೆ ಸುಮ್ನೆ 'ಪಲೋಲೊ' ಸಾಕು. ಅಂದಹಾಗೆ, ಅದನ್ನು ತಿಂದಿರೋ ಇಲ್ಲವೋ, ಅದನ್ನೇ ಬರೆದಿಲ್ಲವಲ್ಲ?