ಒಗ್ಗರಣೆ ಡಬ್ಬಿಯೂ ಅಮೆರಿಕದ ಯಂತ್ರವೂ

ಪತ್ರ: ಮನೆಯಲ್ಲಿ 81 ವರ್ಷದ ಮಾವ, 76ರ ಅತ್ತೆ. ಇಬ್ಬರದ್ದೂ ಸೇರಿ ದಿನಕ್ಕೆ 11 ಮಾತ್ರೆ. ಏಳು ಬಟ್ಟಲಿನ ಹಳೇ ಒಗ್ಗರಣೆ ಡಬ್ಬಿಯನ್ನು ತೊಳೆದು ಒಣಗಿಸಿ, ಬಟ್ಟಲಿಗೊಂದು ದಿನದಂತೆ ಅತ್ತೆಯ ಮಾತ್ರೆ ತುಂಬಿಸಿಡುತ್ತೇನೆ. ಮಾವನದ್ದು ಸ್ಟ್ರಿಪ್‌ನಿಂದಲೇ. ನ್ಯೂಜೆರ್ಸಿಯಲ್ಲಿರುವ ಮೈದುನ 28 ಖಾನೆಯ, ತಾನೇ ತಿರುಗುವ, ಫೋನಿಗೆ ಸುದ್ದಿ ಕಳಿಸುವ ಮಾತ್ರೆ ಯಂತ್ರ ಕಳಿಸುತ್ತೇನೆ ಎನ್ನುತ್ತಾನೆ. 'ಅತ್ತಿಗೆ, ಆಮೇಲೆ ನಿಮಗೆ ತಲೆಬಿಸಿಯೇ ಇಲ್ಲ' ಅಂತ. ತರಿಸಿಕೊಳ್ಳಬಹುದೇ? ಅತ್ತೆಯ ಮಾತ್ರೆಗಳ ಪಟ್ಟಿ ಜೊತೆಗಿಟ್ಟಿದ್ದೇನೆ; ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಕೂಡ ಇದೆ.
– ಓದುಗರೊಬ್ಬರು, ಡೊಂಬಿವಲಿ ಪೂರ್ವ (ಮುಂಬಯಿ ಬಳಿ)

ಸಂಪಾದಕರ ಉತ್ತರ:

ಬೇಕಾದರೆ ತರಿಸಿಕೊಳ್ಳಿ ಅಮ್ಮಾ. ಆದರೆ ತಲೆಬಿಸಿ ಹೋಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ.

ಯಂತ್ರಕ್ಕೆ ಸಲ್ಲಬೇಕಾದದ್ದು ಮೊದಲು ಸಲ್ಲಲಿ. ತಿಂದದ್ದು ಮರೆತು ಮತ್ತೆ ತಿನ್ನುವವರಿದ್ದಾರಲ್ಲ, ಮರೆವಿನ ಕಾಯಿಲೆ ಶುರುವಾದವರು, ಅವರ ಮನೆಗೆ ಬೀಗವಿರುವ ಡಬ್ಬಿ ವರವೇ. ಹೊತ್ತಿಗೆ ಸರಿಯಾಗಿ ಒಂದೇ ಖಾನೆ ಬಾಯಿಗೆ ಬರುತ್ತದೆ, ಉಳಿದದ್ದಕ್ಕೆ ಕೈ ಹೋಗದು. ಮೊಮ್ಮಕ್ಕಳು ಓಡಾಡುವ ಮನೆಯಲ್ಲೂ ಬೀಗ ಒಳ್ಳೆಯದು. ಕಬ್ಬಿಣಾಂಶದ ಮಾತ್ರೆ ನಾಲ್ಕಾರು ನುಂಗಿದರೂ ಎರಡು ವರ್ಷದ ಮಗುವಿಗೆ ಅಪಾಯ. ಇಷ್ಟು ಅದರ ಹೊಗಳಿಕೆ.

ಈಗ ಲೆಕ್ಕಕ್ಕೆ ಬನ್ನಿ. 28 ಖಾನೆ ಎಂದರೆ ದಿನಕ್ಕೆ ಒಂದು ಹೊತ್ತಾದರೆ 28 ದಿನ, ಎರಡು ಹೊತ್ತಾದರೆ 14. ನಿಮ್ಮ ಅತ್ತೆಯ ಪಟ್ಟಿಯಲ್ಲಿ ಥೈರಾಯ್ಡ್ ಮಾತ್ರೆ ಇದೆ, ಕ್ಯಾಲ್ಸಿಯಂ ಇದೆ. ಥೈರಾಯ್ಡಿನದ್ದು ಬರಿಹೊಟ್ಟೆಗೆ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು, ಬರೀ ನೀರಿನಲ್ಲಿ. ಕ್ಯಾಲ್ಸಿಯಮ್ಮಿಗೂ ಅದಕ್ಕೂ ನಾಲ್ಕು ಗಂಟೆ ಅಂತರ ಬೇಕು, ಇಲ್ಲದಿದ್ದರೆ ಹೊಟ್ಟೆಯಲ್ಲೇ ಥೈರಾಯ್ಡಿನದ್ದನ್ನು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ರಕ್ತಕ್ಕೆ ಏರಗೊಡುವುದಿಲ್ಲ. ಅಂದರೆ ಬರಿಹೊಟ್ಟೆಗೆ ಒಂದು, ತಿಂಡಿಯಾದ ಮೇಲೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು, ಒಟ್ಟು ನಾಲ್ಕು ಹೊತ್ತು. ಏಳು ದಿನಕ್ಕೆ 28 ಖಾನೆಯೂ ಮುಗಿಯಿತು. ಒಂದು ಯಂತ್ರ ಒಬ್ಬರಿಗೇ, ಆದ್ದರಿಂದ ಮಾವನಿಗೆ ಇನ್ನೊಂದು ಬೇಕು. ವಾರಕ್ಕೊಮ್ಮೆ ಎರಡನ್ನೂ ತುಂಬಿಸುವವರು ಯಾರು? ನ್ಯೂಜೆರ್ಸಿಯ ಮೈದುನನಂತೂ ಅಲ್ಲ.

ಸುದ್ದಿ ಕಳಿಸುವುದೂ ಹಾಗೆಯೇ. ಇಂಥ ಹೆಚ್ಚಿನ ಡಬ್ಬಿಗಳಿಗೆ ಗೊತ್ತಾಗುವುದು ಮುಚ್ಚಳ ತೆರೆಯಿತು ಅಥವಾ ಡಬ್ಬಿ ಮಗುಚಿತು ಎಂಬುದಷ್ಟೆ. ಮಾತ್ರೆ ಗಂಟಲಿಗಿಳಿಯಿತೋ ದಿಂಬಿನಡಿ ಹೋಯಿತೋ ಅದಕ್ಕೆ ತಿಳಿಯದು. ನುಂಗಿದ್ದನ್ನೇ ಹಿಡಿಯುವ ಮಾತ್ರೆಯೂ ಬಂದಿತ್ತು, ಒಳಗೆ ಸಾಸಿವೆಗಿಂತ ಚಿಕ್ಕ ಸೆನ್ಸರ್. 2017ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದಕ್ಕೆ ಒಪ್ಪಿಗೆ ಕೊಟ್ಟಿತು. ಆ ಸೆನ್ಸರ್ ಮಾಡಿದ ಪ್ರೋಟಿಯಸ್ ಕಂಪನಿ 2020ರಲ್ಲಿ ದಿವಾಳಿ ಅರ್ಜಿ ಹಾಕಿತು. ಕೊಟ್ಟ ಔಷಧ ತಿಂದೆವೆಂದು ರೋಗಿಗಳು ಸುಳ್ಳು ಹೇಳುತ್ತಾರೆ, ಕಣ್ಣಿಡಿ ಎಂದು ಪ್ರಾಚೀನ ಗ್ರೀಸಿನ ವೈದ್ಯ ಹಿಪೊಕ್ರಟಿಸ್ ಹೆಸರಿನ ಬರಹಗಳಲ್ಲೇ ಇದೆ. ಮುಚ್ಚಳದಲ್ಲಿ ಚಿಪ್ ಇಟ್ಟು ನೋಡಿದಾಗ ಸಿಕ್ಕಿಬಿದ್ದ ಗುಟ್ಟು ಇನ್ನೂ ಚೆನ್ನಾಗಿದೆ: ಡಾಕ್ಟರ ಭೇಟಿ ಹತ್ತಿರವಾದಂತೆ ಎಲ್ಲರೂ ಶಿಸ್ತಿನ ಸಿಪಾಯಿಗಳು, ಭೇಟಿ ಮುಗಿದ ಮೇಲೆ ಮತ್ತೆ ಹಳೇ ರಾಗ.

ಅಮೆರಿಕದಲ್ಲೇ ನಡೆದ ರಿಮೈಂಡ್ ಎಂಬ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಮಾತ್ರೆ ಸರಿಯಾಗಿ ತೆಗೆದುಕೊಳ್ಳದ 53,480 ಜನ. ಕೆಲವರಿಗೆ ಗಡಿಯಾರದ ಮುಚ್ಚಳ, ಕೆಲವರಿಗೆ ದಿನದಿನಕ್ಕೂ ಸರಿಸುವ ಗುಂಡಿಗಳ ಪಟ್ಟಿ, ಕೆಲವರಿಗೆ ಸಾದಾ ಖಾನೆ ಡಬ್ಬಿ, ಉಳಿದವರಿಗೆ ಏನೂ ಇಲ್ಲ. ಒಂದು ವರ್ಷದ ಕೊನೆಗೆ ಏನೂ ಇಲ್ಲದವರಿಗಿಂತ ಉಳಿದವರು ಮೇಲಾಗಲಿಲ್ಲ. ನಾನು ಪಕ್ಷ ವಹಿಸುವ ಸಾದಾ ಡಬ್ಬಿಯೂ ಸೋತಿತು, ಮುಚ್ಚಿಡುವುದಿಲ್ಲ. ಆದರೆ ಆ ಡಬ್ಬಿಗಳು ಹೋದದ್ದು ಅಂಚೆಯಲ್ಲಿ. ಪಕ್ಕದಲ್ಲಿ ಕೂತು ಯಾವುದು ಎಲ್ಲಿಗೆ ಎಂದು ತುಂಬಿಸಿಕೊಟ್ಟವರಿಲ್ಲ. ನಿಮ್ಮ ಮನೆಯಲ್ಲಿ ಆ ಒಬ್ಬರು ಇದ್ದೀರಿ. ಮೈದುನ ಕಳಿಸುವ ಯಂತ್ರದ ಬೆಲೆ ಏನೇ ಇರಲಿ, ಅದರ ಅರ್ಧ ನೀವು ಡಬ್ಬಿ ತುಂಬಿಸುವ ಭಾನುವಾರದ ಬೆಳಗಿಗೆ ಸಲ್ಲಬೇಕು.

ಹೊಗಳಿದ್ದಾಯಿತು, ಇನ್ನು ಸ್ವಲ್ಪ ಬೈಗುಳ. ಒಗ್ಗರಣೆ ಡಬ್ಬಿ ನಿಮ್ಮ ಜಾಣತನ, ಒಪ್ಪಿದೆ. ಏಳು ಬಟ್ಟಲು, ಏಳು ದಿನ, ಹೇಳಿ ಮಾಡಿಸಿದ ಹಾಗಿದೆ. ಆದರೆ ಆ ಬಟ್ಟಲುಗಳಿಗೆ ಬೇರೆ ಬೇರೆ ಮುಚ್ಚಳವಿಲ್ಲ, ಎಲ್ಲಕ್ಕೂ ಮೇಲೆ ಒಂದೇ ತಟ್ಟೆ. ಎತ್ತಿಕೊಂಡು ಹೋಗುವಾಗ ಸ್ವಲ್ಪ ವಾಲಿದರೆ ಮಂಗಳವಾರದ ಮಾತ್ರೆ ಗುರುವಾರಕ್ಕೆ ಜಿಗಿಯುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಮೇಲಾಗಿ ಡೊಂಬಿವಲಿಯ ಜುಲೈ. ಉಪ್ಪು ನೀರೊಡೆಯುವ ಗಾಳಿಯಲ್ಲಿ ಫಾಯಿಲ್ ಬಿಡಿಸಿದ ಮಾತ್ರೆ ಏನಾಗಬೇಡ? ಮೂರ್ಛೆಗೆ ಕೊಡುವ ಸೋಡಿಯಂ ವಾಲ್ಪ್ರೊಯೇಟ್ ತೇವ ಹೀರಿ ಅಂಟಂಟಾಗುತ್ತದೆ. ರಕ್ತ ಹೆಪ್ಪುಗಟ್ಟದಿರಲು ಕೊಡುವ ಡಾಬಿಗಟ್ರಾನ್ ಕ್ಯಾಪ್ಸೂಲನ್ನು ಅದರ ಪ್ಯಾಕಿನಿಂದ ಮೊದಲೇ ತೆಗೆದಿಡಲೇಬಾರದು. ಥೈರಾಯ್ಡ್ ಮಾತ್ರೆಗೆ ಬೆಳಕೂ ಆಗದು, ತೇವವೂ ಆಗದು. 28 ಖಾನೆಯ ಯಂತ್ರಕ್ಕೂ ಇದೇ ಮಾತು, ಅದೂ ಗಾಳಿಯಾಡದಂತೆ ಮುಚ್ಚುವ ಪಾತ್ರೆಯಲ್ಲ.

ಹಾಗಾದರೆ ಸ್ಟ್ರಿಪ್ಪನ್ನೇ ಕತ್ತರಿಯಲ್ಲಿ ಒಂದೊಂದು ಗುಳ್ಳೆಯಾಗಿ ಕತ್ತರಿಸಿ ಖಾನೆಗೆ ಹಾಕುತ್ತೇನೆ ಎನ್ನುತ್ತೀರಾ? ಬೇಡ. ಕಣ್ಣು ಮಂಜಾದವರು ಫಾಯಿಲ್ ಸಮೇತ ನುಂಗಿದ್ದುಂಟು. ಅದರ ಮೂಲೆ ಬ್ಲೇಡಿನ ಹಾಗೆ, ಅನ್ನನಾಳವನ್ನು ಸೀಳುತ್ತದೆ.

ಪತ್ರದ ಕೊನೆಗೆ ನೀವು ಹಾಗೇ ಹೇಳಿಹೋದ ಒಂದು ಮಾತಿದೆ, ಅತ್ತೆಗೆ ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಎಂದು. ನಾನು ಪತ್ರ ಎತ್ತಿಕೊಂಡದ್ದೇ ಅದಕ್ಕಾಗಿ. ಸಂಧಿವಾತಕ್ಕೆ ಅದು ವಾರಕ್ಕೆ ಒಂದೇ ದಿನ. ದಿನಾ ತಿಂದು ಜೀವ ಹೋದವರಿದ್ದಾರೆ. ಎಲುಬಿನ ಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸುತ್ತದೆ, ಬಾಯೆಲ್ಲ ಹುಣ್ಣಾಗುತ್ತದೆ. ಯಂತ್ರವಾಗಲಿ ಒಗ್ಗರಣೆ ಡಬ್ಬಿಯಾಗಲಿ, ನೀವು ಏಳೂ ಖಾನೆಗೆ ಹಾಕಿದರೆ ಏಳೂ ದಿನ ನಿಷ್ಠೆಯಿಂದ ಕೊಡುತ್ತದೆ, ಜೊತೆಗೆ ಮೈದುನನ ಫೋನಿನಲ್ಲಿ ಹಸಿರು ಚುಕ್ಕೆ ಬೇರೆ. ಆ ಮಾತ್ರೆ ಬೇರೆ ಪೊಟ್ಟಣದಲ್ಲಿ, ಬೇರೆ ಕಪಾಟಿನಲ್ಲಿರಲಿ, ಮೇಲೆ ಕನ್ನಡದಲ್ಲಿ ದಪ್ಪಗೆ 'ಭಾನುವಾರ ಮಾತ್ರ' ಎಂದಿರಲಿ. ಭಾನುವಾರವೋ ಇನ್ನಾವ ದಿನವೋ ಎಂದು ಡಾಕ್ಟರ ಬಾಯಿಂದಲೇ ಕೇಳಿ ಬರೆಯಿರಿ.

ಕನ್ನಡದಲ್ಲಿ ಎಂದೆನಲ್ಲ, ಅದೇ ನನ್ನ ಹಳೇ ಸಂಕಟ. ಸ್ಟ್ರಿಪ್ಪಿನ ಮೇಲೆ ಇರುವೆ ಸಾಲಿನ ಇಂಗ್ಲಿಷು. 2023ರ ಆಗಸ್ಟ್ 1ರಿಂದ 300 ಬ್ರ್ಯಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯ ಮಾಡಿದರು. ಸ್ಕ್ಯಾನ್ ಮಾಡಿದರೆ ತಯಾರಕರ ಹೆಸರು, ಬ್ಯಾಚ್ ನಂಬರು, ಲೈಸೆನ್ಸ್ ನಂಬರು ಎಲ್ಲ ಸಿಗಬೇಕು. ಊಟಕ್ಕೆ ಮೊದಲೋ ಆಮೇಲೋ ಎಂಬುದು ಆ ಪಟ್ಟಿಯಲ್ಲೇ ಇಲ್ಲ! ಮೆಡಿಕಲ್‌ನವರು ಲಕೋಟೆಯ ಮೇಲೆ 1-0-1 ಎಂದು ಗೀಚುತ್ತಾರೆ; ಆ ಸೊನ್ನೆ ಮಧ್ಯಾಹ್ನ ಎಂದು ಅತ್ತೆಗೆ ಯಾರು ಹೇಳಬೇಕು? ಆರು ಮಾತ್ರೆ ಸಾಕು ಎಂದರೆ ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ, ಎಕ್ಸ್‌ಪೈರಿ ತಾರೀಕು ಇರುವ ತುದಿ ಅವರ ಡ್ರಾಯರಿನಲ್ಲೇ ಉಳಿಯುತ್ತದೆ. ಮುಂದಿನ ತಿಂಗಳು ಅದೇ ಔಷಧ ಇನ್ನೊಂದು ಕಂಪನಿಯದು, ಗುಲಾಬಿ ಇದ್ದದ್ದು ಬಿಳಿ. ಹಳೆಯದೂ ಇದೆ, ಹೊಸದೂ ಬಂತು, ಬೇರೆ ಬೇರೆ ಎಂದುಕೊಂಡು ಎರಡನ್ನೂ ತಿನ್ನುವ ಮುದುಕರ ತಪ್ಪೇನು? ಹೃದಯದ ಡಾಕ್ಟರರು ಕೊಟ್ಟದ್ದನ್ನು ಮಂಡಿಯ ಡಾಕ್ಟರರು ನೋಡುವುದಿಲ್ಲ. ಇದಕ್ಕೆಲ್ಲ ಬ್ಲೂಟೂತ್‌ನಲ್ಲಿ ಮದ್ದಿಲ್ಲ.

ಬಡವರ ಜಾಣತನಕ್ಕೂ ಒಂದು ಉದಾಹರಣೆ ನಮ್ಮಲ್ಲೇ ಇದೆ. ಕ್ಷಯದ ಮಾತ್ರೆಗೆ 99ಡಾಟ್ಸ್ ಎಂಬ ವ್ಯವಸ್ಥೆ ಬಂತು. ಸ್ಟ್ರಿಪ್ಪಿಗೊಂದು ರಟ್ಟಿನ ಹೊದಿಕೆ. ಮಾತ್ರೆ ಒತ್ತಿ ತೆಗೆದಾಗ ಹಿಂದೆ ಅಡಗಿದ್ದ ಫೋನ್ ನಂಬರು ಕಾಣುತ್ತದೆ. ಅದಕ್ಕೊಂದು ಪುಕ್ಕಟೆ ಕರೆ ಮಾಡಿದರೆ ಆ ದಿನದ ಲೆಕ್ಕ ದಾಖಲು. ಬ್ಯಾಟರಿ ಇಲ್ಲ, ವೈಫೈ ಇಲ್ಲ. ಕರೆ ಮಾಡಿ ಮಾತ್ರೆ ಎಸೆಯುವವರಿಗೆ ಅದೂ ಏನೂ ಮಾಡಲಾರದು, ಕರೆ ಬಾರದ ದಿನ ವಿಚಾರಿಸಲು ಮನುಷ್ಯರೇ ಬೇಕು.

ನೀವು ಮಾಡಬೇಕಾದದ್ದು ಇಷ್ಟು. ಇಬ್ಬರ ಎಲ್ಲ ಚೀಟಿಗಳನ್ನೂ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕಿ ಒಬ್ಬ ಡಾಕ್ಟರ ಮೇಜಿನ ಮೇಲೆ ಸುರಿಯಿರಿ, ಯಾವುದನ್ನು ನಿಲ್ಲಿಸಬಹುದು ಎಂದು ಕೇಳಿ. ಹನ್ನೊಂದು ಎಂಟಾದರೆ ಅದಕ್ಕಿಂತ ಸ್ಮಾರ್ಟ್ ಏನಿದೆ? ಬಳಿಕ ಇಬ್ಬರಿಗೂ ಬೇರೆ ಬೇರೆ ಬಣ್ಣದ, ಖಾನೆಗೊಂದು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ. ಒಂದು ವಾರಕ್ಕಿಂತ ಹೆಚ್ಚು ತುಂಬಬೇಡಿ. ತುಂಬುವಾಗ ಒಂದು ಔಷಧವನ್ನು ಏಳೂ ದಿನಕ್ಕೆ ಹಾಕಿ ಮುಗಿಸಿ, ಸ್ಟ್ರಿಪ್ ಬದಿಗಿಟ್ಟು, ಆಮೇಲೆ ಇನ್ನೊಂದು. ದಿನದಿನದ ಲೆಕ್ಕದಲ್ಲಿ ಹಾಕಹೋದರೆ ಗಂಟೆ ಬಡಿದ ಕೂಡಲೇ ಎಡವಟ್ಟು. ನೋವಾದಾಗ ಮಾತ್ರ ತಿನ್ನುವ ಎಸ್‌ಒಎಸ್ ಮಾತ್ರೆ ಡಬ್ಬಿಗೆ ಬೇಡ. ಮಾವನ ಸಕ್ಕರೆ ಮಾತ್ರೆಯ ಹೆಸರಿನ ಕೊನೆಗೆ ಎಸ್‌ಆರ್ ಅಥವಾ ಎಕ್ಸ್‌ಆರ್ ಇದ್ದರೆ ಪುಡಿ ಮಾಡಿ ಕೊಡಬೇಡಿ, ದಿನವಿಡೀ ಕರಗಬೇಕಾದದ್ದು ಒಮ್ಮೆಲೇ ಇಳಿಯುತ್ತದೆ. ಮರೆತ ಹೊತ್ತಿನದ್ದನ್ನು ಮುಂದಿನದರ ಜೊತೆ ಜೋಡಿಸಿ ಕೊಡುವುದೂ ಬೇಡ. ಅಲಾರಂ ಬೇಕೆಂದರೆ ಮೊಮ್ಮಗಳ ದನಿಯಲ್ಲಿ 'ಅಜ್ಜಾ, ರಾತ್ರಿಯ ಮಾತ್ರೆ' ಎಂದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅದನ್ನೇ ಅಲಾರಂ ಸದ್ದಾಗಿ ಇಡಿ.

ಮೈದುನ ಕಳಿಸಿಯೇ ತೀರುತ್ತೇನೆಂದರೆ ಮೂರು ಪ್ರಶ್ನೆ ಕೇಳಿ. ಅಡಾಪ್ಟರು 230 ವೋಲ್ಟಿಗೆ ಆಗುತ್ತದೆಯೇ, ಕರೆಂಟ್ ಹೋದರೆ ಬ್ಯಾಟರಿಯಲ್ಲಿ ಎಷ್ಟು ಹೊತ್ತು ನಡೆಯುತ್ತದೆ, ತಿಂಗಳ ಚಂದಾ ಕಟ್ಟುವುದು ಬಿಟ್ಟರೆ ಮುಚ್ಚಳ ತೆರೆಯುತ್ತದೆಯೇ? 2020ರ ಅಕ್ಟೋಬರ್ 12ರಂದು ಮುಂಬಯಿಗೆ ಮುಂಬಯಿಯೇ ಗಂಟೆಗಟ್ಟಲೆ ಕರೆಂಟಿಲ್ಲದೆ ಕೂತದ್ದು ಅವನಿಗೂ ನೆನಪಿರಬಹುದು. ಜೊತೆಗೆ ಅವನಿಗೂ ಒಂದು ಕೆಲಸ ಹಚ್ಚಿ. ಭಾನುವಾರ ನೀವು ತುಂಬಿಸುವಾಗ ವಿಡಿಯೊ ಕರೆಯಲ್ಲಿ ಕೂತು ಎಣಿಸಲಿ: 15ರ ಹೊಸ ಸ್ಟ್ರಿಪ್, ದಿನಕ್ಕೆ ಎರಡು, ಏಳು ದಿನ, ಉಳಿಯಬೇಕಾದದ್ದು ಒಂದು. ಎರಡು ಉಳಿದಿದ್ದರೆ ಎಲ್ಲೋ ತಪ್ಪಿದೆ ಎಂದು ಅವನೇ ಹೇಳಲಿ.

ಥೈರಾಯ್ಡ್ ಮಾತ್ರೆಯನ್ನು ಮಾತ್ರ ಭಾನುವಾರದವರೆಗೆ ಕಾಯದೆ ಇವತ್ತೇ ಒಗ್ಗರಣೆ ಡಬ್ಬಿಯಿಂದ ತೆಗೆಯಿರಿ. ಬಿಡಿಸಿಟ್ಟದ್ದು ಬಣ್ಣಗೆಟ್ಟಿದ್ದರೆ ಎಸೆದು ಹೊಸ ಬಾಟಲಿ ತನ್ನಿ. ಮುಚ್ಚಳ ಬಿಗಿಯಾಗಿ ತಿರುಗಿಸಿ ಅತ್ತೆಯ ಹಾಸಿಗೆಯ ಹತ್ತಿರ ಇಡಿ, ಪಕ್ಕದಲ್ಲಿ ಒಂದು ಲೋಟ ನೀರು.