ತುಮಕೂರಲ್ಲಿ ಒಳ್ಳೆ ಹ್ಯಾಂಬರ್ಗರ್ ಎಲ್ಲಿ ಸಿಗುತ್ತದೆ?

ಬೆಂಗಳೂರು ಬಿಟ್ಟು ವಸಂತನರಸಾಪುರದ ಫ್ಯಾಕ್ಟರಿ ಕೆಲಸಕ್ಕೆ ಬಂದಿದ್ದೀರಿ, ಮನೆ ಎಸ್.ಎಸ್. ಪುರಂ ಕಡೆ ಮಾಡಿದ್ದೀರಿ. ದೊಡ್ಡ ಕಂಪನಿಗಳ ಬರ್ಗರ್ ತಿಂದು ಬೇಜಾರಾಗಿದೆ, ಊರಿನವರೇ ಮಾಡುವ ಒಳ್ಳೆ ಹ್ಯಾಂಬರ್ಗರ್ ಎಲ್ಲಿದೆ, ನಿಮಗೆ ಇಷ್ಟವಾದ ಜಾಗ ಯಾವುದು, ಮನೆಗೆ ತರಿಸಿಕೊಳ್ಳಬಹುದಾ ಅಂತ ಕೇಳಿದ್ದೀರಿ. ಇಲ್ಲಿ ಯಾರನ್ನು ಕೇಳಿದರೂ "ಬರ್ಗರ್ ಯಾಕ್ರೀ, ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನಿ" ಅನ್ನುತ್ತಾರೆ. ತಟ್ಟೆ ಇಡ್ಲಿ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಶಿಫ್ಟ್ ಮುಗಿಸಿ ರಾತ್ರಿ ಎಂಟಕ್ಕೆ ಬಂದವರಿಗೆ ಬರ್ಗರ್ ತಿನ್ನುವ ಆಸೆಯಾದರೆ ಇಡ್ಲಿ ಅದಕ್ಕೆ ಮದ್ದಲ್ಲ.

ನಾನು ಹುಟ್ಟಿ ಬೆಳೆದಿದ್ದು ಇದೇ ಊರಲ್ಲಿ. ತಿನ್ನುವ ವಿಷಯದಲ್ಲಿ ಸ್ವಲ್ಪ ಜಾಸ್ತಿಯೇ ಆಸಕ್ತಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತುಮಕೂರಲ್ಲಿ ಬರ್ಗರ್ ಅಂಗಡಿ ಹುಡುಕುವ ಮೊದಲು ಬನ್ ಹುಡುಕಿ.

ಯಾಕೆ ಅಂದರೆ, ನಾನು ನೋಡಿದ ಸಣ್ಣ ಅಂಗಡಿಗಳಲ್ಲಿ ಬಹುತೇಕ ಕಡೆ ಪ್ಯಾಟಿ ಬರುವುದು ಪ್ಯಾಕೆಟ್‌ನಲ್ಲಿ. ಫ್ರೀಜರ್‌ನಿಂದ ತೆಗೆದು, ಪ್ಲಾಸ್ಟಿಕ್ ಹರಿದು, ಎಣ್ಣೆಗೆ ಬಿಡುತ್ತಾರೆ. ಒಂದು ಅಂಗಡಿಯ ಮೆನುವಿನಲ್ಲಿ ಅದಕ್ಕೆ "ಕ್ರಂಚಿ" ಅಂತ ಹೆಸರು, ಪಕ್ಕದ ಅಂಗಡಿಯಲ್ಲಿ "ಕಿಂಗ್". ಬಾಯಿಗೆ ಬಂದಾಗ ಎರಡೂ ಒಂದೇ. ಹಾಗಾಗಿ "ಯಾರ ಪ್ಯಾಟಿ ಚೆನ್ನಾಗಿದೆ" ಅಂತ ಕೇಳಿ ಪ್ರಯೋಜನವಿಲ್ಲ. ವ್ಯತ್ಯಾಸ ಬರುವುದು ಎಣ್ಣೆಯಿಂದ, ಬನ್‌ನಿಂದ, ಮತ್ತು ತವಾ ಮುಂದೆ ನಿಂತವನ ಕೈಯಿಂದ.

ಆರ್ಡರ್ ಕೊಡುವ ಮೊದಲು ಸುಮ್ನೆ ಒಂದು ನಿಮಿಷ ನಿಂತು ನೋಡಿ. ಪ್ಯಾಟಿ ಅಚ್ಚು ಹಾಕಿದ ಹಾಗೆ ಪೂರ್ತಿ ದುಂಡಗೆ, ಎಲ್ಲ ಕಡೆ ಒಂದೇ ದಪ್ಪ ಇದ್ದರೆ ಅದು ಫ್ಯಾಕ್ಟರಿಯದು. ಕೈಯಲ್ಲಿ ತಟ್ಟಿದ್ದು ಎಲ್ಲಾದರೂ ಸೊಟ್ಟ ಇದ್ದೇ ಇರುತ್ತದೆ. ಬನ್ ಅನ್ನು ಕವರ್‌ನಿಂದ ತೆಗೆದು ನೇರ ಪ್ಲೇಟಿಗೆ ಹಾಕುವವನ ಹತ್ತಿರ ನಿಲ್ಲಬೇಡಿ. ಕತ್ತರಿಸಿದ ಬದಿಗೆ ಬೆಣ್ಣೆ ಸವರಿ ತವಾ ಮೇಲೆ ಬೋರಲು ಹಾಕುವವನ ಹತ್ತಿರ ನಿಲ್ಲಿ. ಆ ಬದಿ ಕೆಂಪಗಾದರೆ ಸಾಸು, ಮಾಂಸದ ರಸ ಬೇಗ ಒಳಗೆ ಇಳಿಯುವುದಿಲ್ಲ. ಕೊನೆಯ ತುತ್ತಿನವರೆಗೂ ಬನ್ ಗಟ್ಟಿಯಾಗಿ ನಿಲ್ಲುತ್ತದೆ.

ಬನ್ ವಿಷಯದಲ್ಲಿ ನಾವು ಪುಣ್ಯ ಮಾಡಿದ್ದೇವೆ. ಅಯ್ಯಂಗಾರ್ ಬೇಕರಿ ಪರಂಪರೆ ಹಾಸನದ ಕಡೆಯವರದ್ದು. ಬೆಂಗಳೂರಿನ ಚಿಕ್ಕಪೇಟೆಯ ಬಿ.ಬಿ. ಬೇಕರಿ ಶುರುವಾಗಿದ್ದು 1898ರಲ್ಲಿ. ಅಲ್ಲಿಂದ ಹಬ್ಬಿ ಇವತ್ತು ನಮ್ಮ ಊರುಗಳಲ್ಲಿ ಗಲ್ಲಿಗೊಂದು ಬೇಕರಿ ಇದೆ. ಅಶೋಕ ರಸ್ತೆ, ಎಂ.ಜಿ. ರಸ್ತೆ, ಸೋಮೇಶ್ವರಪುರಂ, ಎಲ್ಲಿಗೆ ಹೋದರೂ ಸಂಜೆ ಹೊತ್ತಿಗೆ ಬಿಸಿ ಟ್ರೇ ಹೊರಗೆ ಬರುವ ಒಂದು ಬೇಕರಿ ಸಿಗುತ್ತದೆ. ಆ ಬನ್ ಎಳ್ಳು ಉದುರಿಸಿದ ಕಂಪನಿ ಬನ್‌ಗಿಂತ ಸ್ವಲ್ಪ ಸಿಹಿ, ಸ್ವಲ್ಪ ಮೆತ್ತಗೆ. ಸಕ್ಕರೆ ಇರುವುದರಿಂದ ತವಾ ಮೇಲೆ ಬೇಗ ಸೀಯುತ್ತದೆ, ಉರಿ ಸಣ್ಣಗಿರಬೇಕು. ಕೊಳ್ಳುವಾಗ ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಇವತ್ತಿನದಾದರೆ ಒತ್ತಿದ ಜಾಗ ಮತ್ತೆ ಮೇಲೇಳುತ್ತದೆ. ನಿನ್ನೆಯದು ಪ್ಯಾಟಿ ಇಟ್ಟು ಅದುಮಿದ ಕೂಡಲೇ ಬದಿಯಲ್ಲಿ ಬಿರಿಯುತ್ತದೆ.

ಇನ್ನು ಜಾಗಗಳು. ತಳ್ಳುಗಾಡಿಗಳಿಗೆ ಬೋರ್ಡೇ ಇರುವುದಿಲ್ಲ, ಹೆಸರು ಎಲ್ಲಿಂದ ಹೇಳಲಿ? ದಿಕ್ಕು ಹೇಳುತ್ತೇನೆ.

ಮೊದಲು ಎಸ್‌ಐಟಿ, ಅಂದರೆ ಸಿದ್ಧಗಂಗಾ ಎಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತ. ಕಾಲೇಜು ನಡೆಯುತ್ತಿರುವಾಗ ಹೋಗಿ, ರಜೆಯಲ್ಲಿ ಬೇಡ. ಹುಡುಗರು ಮುತ್ತಿಕೊಂಡಿದ್ದರೆ ಬನ್ ಉಳಿಯುವುದಿಲ್ಲ, ಎಣ್ಣೆಯೂ ದಿನಗಟ್ಟಲೆ ಕೂರುವುದಿಲ್ಲ. ಅಲ್ಲಿ ನಾನು ತೆಗೆದುಕೊಳ್ಳುವುದು ಎಗ್ ಬರ್ಗರ್ ಮಾತ್ರ. ಮೊಟ್ಟೆ ಫ್ರೀಜರ್‌ನಿಂದ ಬರುವುದಿಲ್ಲ, ನಿಮ್ಮ ಕಣ್ಣೆದುರಿಗೇ ಒಡೆಯಬೇಕು. ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ ಕಲಕಿ ತವಾಗೆ ಸುರಿಯುತ್ತಾರೆ. ಮೇಲ್ಭಾಗ ಇನ್ನೂ ಹಸಿ ಇರುವಾಗಲೇ ಬನ್‌ನ ಎರಡೂ ಹೋಳು ಅದರ ಮೇಲೆ ಬೋರಲು ಇಡುತ್ತಾರೆ. ಮೊಟ್ಟೆ ಬನ್‌ಗೆ ಅಂಟಿಕೊಂಡೇ ಬೇಯುತ್ತದೆ. ಆಮೇಲೆ ಒಂದೇ ಏಟಿಗೆ ತಿರುಗಿಸಿ, ಅಂಚುಗಳನ್ನು ಒಳಗೆ ಮಡಚಿ, ಒಂದರ ಮೇಲೊಂದು ಮುಚ್ಚುತ್ತಾರೆ. ಬ್ರೆಡ್ ಆಮ್ಲೆಟ್ ಮಾಡಿ ಪಳಗಿದ ಕೈ ಅದು. ಇದು ಹ್ಯಾಂಬರ್ಗರ್ ಅಲ್ಲ ಅಂತ ನೀವು ಜಗಳಕ್ಕೆ ಬರಬಹುದು, ಬನ್ನಿ. ಪ್ಯಾಕೆಟ್ ಪ್ಯಾಟಿಗಿಂತ ಇದೇ ವಾಸಿ.

ಬಿ.ಎಚ್. ರಸ್ತೆಯ ಕೆಫೆಗಳು ಕೂತು ಮಾತಾಡುವುದಕ್ಕೆ ಚೆನ್ನಾಗಿವೆ. ಚಿಕನ್ ಬರ್ಗರ್ ಅಂತ ಕೊಡುವುದು ಬ್ರೆಡ್ ಪುಡಿ ಹಚ್ಚಿ ಕರಿದ ಚಿಕನ್. ತಪ್ಪೇನಿಲ್ಲ, ಆದರೆ ಅದಕ್ಕಾಗಿ ಪ್ರಯಾಣ ಮಾಡುವ ಅಗತ್ಯವಿಲ್ಲ. ಒಂದು ಕಡೆ ಹೊರಗೆಲ್ಲ ಗರಿಗರಿ, ಕಚ್ಚಿದರೆ ನಡುವೆ ತಣ್ಣಗೆ ಇರುವ ಪ್ಯಾಟಿ ಕೊಟ್ಟರು. ವಾಪಸ್ ಕೊಟ್ಟೆ. ನೀವೂ ಸಂಕೋಚ ಪಡಬೇಡಿ. ಚಿಕನ್ ಒಳಗಿನವರೆಗೂ 74 ಡಿಗ್ರಿ ಬಿಸಿಯಾಗಬೇಕು. ಅರೆಬೆಂದ ಚಿಕನ್ ತಿಂದು ಆಸ್ಪತ್ರೆ ಸೇರುವ ಕರ್ಮ ಬೇಡ.

ಈಗ ನನ್ನ ನಿಜವಾದ ಇಷ್ಟದ ಜಾಗ. ಇದು ಬರ್ಗರ್ ಅಂಗಡಿಯೇ ಅಲ್ಲ.

ಸಂಜೆ ಮೇಲೆ ಕೆಂಡ ಹಾಕಿಕೊಂಡು ಸೀಖ್ ಕಬಾಬ್ ಸುಡುವವರು ಹಳೇ ಪೇಟೆ ಕಡೆ ಕಾಣುತ್ತಾರೆ. ರಂಜಾನ್ ತಿಂಗಳಲ್ಲಿ ಇನ್ನೂ ಜಾಸ್ತಿ. ಕೀಮಾವನ್ನು ಸರಳಿಗೆ ಒತ್ತಿ ಕೆಂಡದ ಮೇಲೆ ತಿರುಗಿಸುತ್ತಾರೆ. ನೆಣ ಕರಗಿ ಕೆಂಡಕ್ಕೆ ತೊಟ್ಟಿಕ್ಕುತ್ತದೆ, ಹೊಗೆ ಎದ್ದು ಮಾಂಸಕ್ಕೇ ಹತ್ತುತ್ತದೆ. ಕೊಚ್ಚಿದ ಮಾಂಸ, ನೇರ ಬೆಂಕಿ. ಹ್ಯಾಂಬರ್ಗರ್‌ಗೆ ಇದಕ್ಕಿಂತ ಹತ್ತಿರದ ನೆಂಟ ಈ ಊರಲ್ಲಿ ಇನ್ನೊಬ್ಬನಿಲ್ಲ. ನಾನು ಮಾಡುವುದಿಷ್ಟೇ. ದಾರಿಯಲ್ಲಿ ಬೇಕರಿಯಿಂದ ಎರಡು ಬನ್ ತೆಗೆದುಕೊಂಡು ಹೋಗುತ್ತೇನೆ. "ಭಾಯ್, ಇದನ್ನ ಸೀಳಿ ಕೆಂಡದ ಮೇಲೆ ಒಂದು ಸಲ ತೋರಿಸಿ ಕೊಡಿ" ಅನ್ನುತ್ತೇನೆ. ಮೊದಲ ಸಲ ಭಾಯ್ ವಿಚಿತ್ರವಾಗಿ ನೋಡಿದರು. ಈಗ ನನ್ನನ್ನು ಕಂಡರೆ "ಬನ್ ಎಲ್ಲಿ?" ಅಂತ ಅವರೇ ಕೇಳುತ್ತಾರೆ. ಬಿಸಿ ಸೀಖ್ ಅಡ್ಡಕ್ಕೆ ಎರಡು ತುಂಡು ಮಾಡಿ ಇಟ್ಟು, ಮೇಲೆ ಈರುಳ್ಳಿ ಬಿಲ್ಲೆ, ನಿಂಬೆಹಣ್ಣು ಹಿಂಡಿದರೆ ಮುಗಿಯಿತು. ಪುದೀನಾ ಚಟ್ನಿ ಇದ್ದರೆ ಒಂದು ಚಮಚ, ಅದಕ್ಕಿಂತ ಹೆಚ್ಚು ಬೇಡ.

ಸಾಸ್ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಅಂಗಡಿಗಳಲ್ಲಿ ಕೆಚಪ್, ಮೇಯೋ, ಶೆಜ್ವಾನ್ ಮೂರೂ ಸುರಿದು ಕೊಡುತ್ತಾರೆ. ಒಳಗೆ ಏನಿದೆ ಅಂತಲೇ ಗೊತ್ತಾಗುವುದಿಲ್ಲ. ಅಮೆರಿಕದ ನ್ಯೂ ಹೇವನ್‌ನಲ್ಲಿ ಲೂಯಿಸ್ ಲಂಚ್ ಅಂತ ಒಂದು ಸಣ್ಣ ಹೋಟೆಲ್ ಇದೆ. 1900ರಲ್ಲಿ ಮೊದಲ ಹ್ಯಾಂಬರ್ಗರ್ ಸ್ಯಾಂಡ್‌ವಿಚ್ ಕೊಟ್ಟಿದ್ದು ನಾವೇ ಅಂತ ಅವರ ವಾದ. ಒಪ್ಪದವರೂ ಇದ್ದಾರೆ. ಅವರು ಇವತ್ತಿಗೂ ಟೋಸ್ಟ್ ಮಾಡಿದ ಬ್ರೆಡ್‌ನಲ್ಲಿ ಮಾಂಸ ಇಟ್ಟು, ಬೇಕಾದರೆ ಚೀಸ್, ಈರುಳ್ಳಿ, ಟೊಮ್ಯಾಟೊ ಕೊಡುತ್ತಾರೆ. ಕೆಚಪ್ ಕೇಳಿದರೆ ಇಲ್ಲ. ಅಷ್ಟು ಹಟ ನಮಗೆ ಬೇಡ, ಆದರೆ ಪ್ಯಾಟಿ ಚೆನ್ನಾಗಿದ್ದರೆ ಸಾಸ್‌ಗೆ ಜಾಸ್ತಿ ಕೆಲಸವಿಲ್ಲ ಅನ್ನುವುದು ನಿಜ ಅಲ್ವಾ?

ಮೇಯೋ ಬಗ್ಗೆ ಇನ್ನೊಂದು ಮಾತು. ಹಸಿ ಮೊಟ್ಟೆಯ ಮೇಯೋನೀಸ್ ಅನ್ನು ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ನಿಷೇಧಿಸಿದವು. ಬಿಸಿಲಲ್ಲಿ ಹೊರಗೇ ಇಟ್ಟರೆ ಅದರಲ್ಲಿ ರೋಗಾಣು ಬೆಳೆಯುತ್ತದೆ, ಅದೇ ಭಯ. ಗಾಡಿಯವರು ಸಾಮಾನ್ಯವಾಗಿ ಮೊಟ್ಟೆ ಇಲ್ಲದ ಪ್ಯಾಕೆಟ್ ಮೇಯೋ ಬಳಸುತ್ತಾರೆ. ಆದರೂ "ಅಣ್ಣಾ, ಮೇಯೋ ಪ್ಯಾಕೆಟ್‌ದಾ, ನೀವೇ ಮಾಡಿದ್ದಾ?" ಅಂತ ಕೇಳಿಬಿಡಿ. ಅಂಗಡಿಯವರೇ ಮಾಡಿದ್ದು, ಫ್ರಿಜ್ ಕಾಣುತ್ತಿಲ್ಲ ಅಂದರೆ ಬೇಡ ಅನ್ನಿ.

ಸಸ್ಯಾಹಾರಿ ಗೆಳೆಯರ ಜೊತೆ ಹೋಗುವುದಾದರೆ ಚಿಂತೆ ಬೇಡ, ತುಮಕೂರಲ್ಲಿ ಆಲೂ ಬರ್ಗರ್‌ಗೆ ಬರವಿಲ್ಲ. ಬರ್ಗರ್ ಅಂದರೆ ದನದ ಮಾಂಸ ಅನ್ನುವ ಲೆಕ್ಕ ನಮ್ಮ ದೇಶದಲ್ಲಿ ಮೊದಲಿಂದಲೂ ನಡೆದಿಲ್ಲ. ಮೆಕ್‌ಡೊನಾಲ್ಡ್ಸ್ 1996ರಲ್ಲಿ ದೆಹಲಿಯ ವಸಂತ ವಿಹಾರದಲ್ಲಿ ಬಾಗಿಲು ತೆರೆದಾಗಲೇ ಬೀಫ್ ಕೈಬಿಟ್ಟಿತ್ತು. ಮಹಾರಾಜ ಮ್ಯಾಕ್ ಶುರುವಾಗಿದ್ದು ಕುರಿ ಮಾಂಸದಲ್ಲಿ, ಆಮೇಲೆ ಚಿಕನ್ ಆಯಿತು. ಬೇಕರಿಯಲ್ಲಾದರೆ ನನ್ನ ಸಲಹೆ ಆಲೂ ಅಲ್ಲ, ಬನ್ ನಿಪ್ಪಟ್ಟು. ಬೆಣ್ಣೆ ಸವರಿದ ಬನ್ ಒಳಗೆ ಖಾರದ ನಿಪ್ಪಟ್ಟು, ಈರುಳ್ಳಿ, ಟೊಮ್ಯಾಟೊ. ಕಟ್ಟಿಸಿಕೊಳ್ಳದೆ ಅಲ್ಲೇ ತಿನ್ನಿ, ಐದು ನಿಮಿಷ ಬಿಟ್ಟರೆ ನಿಪ್ಪಟ್ಟು ಮೆತ್ತಗಾಗುತ್ತದೆ.

ಇಷ್ಟು ಹೇಳಿದ ಮೇಲೂ "ಇಲ್ಲ, ನನಗೆ ಸಿನಿಮಾದಲ್ಲಿ ತೋರಿಸುವಂಥ ಬರ್ಗರೇ ಬೇಕು" ಅಂದರೆ ಎರಡು ದಾರಿ ಇದೆ.

ಒಂದು, ಮನೆಯಲ್ಲೇ ಮಾಡುವುದು. ನಮ್ಮದು ಕುರಿ ಸೀಮೆ, ಮಟನ್‌ಗೆ ಕೊರತೆಯಿಲ್ಲ. ಭುಜದ ಮಾಂಸ ಹೇಳಿ, ನೆಣ ತೆಗೆಯಬೇಡಿ ಅಂತ ಒತ್ತಿ ಹೇಳಿ. ಇಲ್ಲದಿದ್ದರೆ ಒಳ್ಳೇದಾಗಲಿ ಅಂತ ಎಲ್ಲ ಕೆತ್ತಿಬಿಡುತ್ತಾರೆ. ನಾಲ್ಕು ಪಾಲು ಮಾಂಸಕ್ಕೆ ಒಂದು ಪಾಲು ನೆಣ ಇರಬೇಕು. ಮಿಷನ್‌ಗೆ ಒಂದೇ ಸಲ ಹಾಕಿಸಿ, ನುಣ್ಣಗೆ ಬೇಡ. ಮೊಟ್ಟೆ, ಬ್ರೆಡ್ ಪುಡಿ, ಶುಂಠಿ ಬೆಳ್ಳುಳ್ಳಿ ಪೇಸ್ಟ್ ಯಾವುದೂ ಬೇಡ. ಉಪ್ಪನ್ನೂ ಕಲಸಬೇಡಿ. ಉಪ್ಪು ಹಾಕಿ ನಾದಿದರೆ ಕೀಮಾ ಅಂಟಂಟಾಗಿ ಬಿಗಿಯುತ್ತದೆ. ಸೀಖ್‌ಗೆ ಆ ಬಿಗಿ ಬೇಕು, ಇಲ್ಲದಿದ್ದರೆ ಸರಳಿನಿಂದ ಜಾರುತ್ತದೆ. ಬರ್ಗರ್‌ಗೆ ಬೇಡ, ಅದು ಬಾಯಲ್ಲಿ ಉದುರಬೇಕು.

ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಉಂಡೆ ಮಾಡಿ. ಕಬ್ಬಿಣದ ದೋಸೆ ಕಾವಲಿಯನ್ನು ಹೊಗೆ ಏಳುವವರೆಗೆ ಕಾಯಿಸಿ. ಉಂಡೆ ಇಟ್ಟು, ಮೇಲೆ ಒಂದು ಹಿಡಿ ತೆಳ್ಳಗೆ ಹೆಚ್ಚಿದ ಈರುಳ್ಳಿ ಹಾಕಿ, ಚಪ್ಪಟೆ ತಳದ ಪಾತ್ರೆಯಿಂದ ಜೋರಾಗಿ ಒತ್ತಿ. ಉಪ್ಪು, ಕಾಳುಮೆಣಸಿನ ಪುಡಿ ಈಗ ಮೇಲೆ ಉದುರಿಸಿ. ಆಮೇಲೆ ಮುಟ್ಟಲೇಬೇಡಿ. ಅಂಚು ಕಂದು ಬಣ್ಣಕ್ಕೆ ತಿರುಗಿದ ಮೇಲೆ ಸಟ್ಟುಗದಿಂದ ಕೆರೆದು ತಿರುಗಿಸಿ, ಈರುಳ್ಳಿ ಕೆಳಗೆ ಹೋಗಿ ನೆಣದಲ್ಲೇ ಹುರಿಯುತ್ತದೆ. ಬರ್ಗರ್‌ನ ರುಚಿ ಪೂರ್ತಿ ಇರುವುದು ಆ ಕಂದು ಪದರದಲ್ಲಿ. ಬಿಸಿಗೆ ಪ್ರೋಟೀನು, ಸಕ್ಕರೆ ಸೇರಿ ಆಗುವ ಈ ಬದಲಾವಣೆಯನ್ನು 1912ರಲ್ಲಿ ಮೊದಲು ವಿವರಿಸಿದವನು ಮಯ್ಯಾರ್ ಅನ್ನುವ ಫ್ರೆಂಚ್ ವಿಜ್ಞಾನಿ. ಈರುಳ್ಳಿ ಒತ್ತುವ ಉಪಾಯ ಒಕ್ಲಹೋಮ ರಾಜ್ಯದ ಎಲ್ ರೀನೋ ಊರಿನದು. ಕಷ್ಟದ ಕಾಲದಲ್ಲಿ ಸ್ವಲ್ಪ ಮಾಂಸವನ್ನೇ ಹೆಚ್ಚು ಮಾಡಿ ತೋರಿಸಲು ಅಲ್ಲಿ ಈರುಳ್ಳಿ ಸೇರಿಸುತ್ತಿದ್ದರು. ನಮ್ಮ ನಾಲಿಗೆಗೆ ಇದು ಹೇಳಿ ಮಾಡಿಸಿದ ಹಾಗಿದೆ. ಪ್ಯಾಟಿ ತೆಳ್ಳಗಿರುವುದರಿಂದ ಒಳಗೆ ಹಸಿ ಉಳಿಯುವ ಭಯವೂ ಇಲ್ಲ. ಅಡುಗೆಮನೆ ಕಿಟಕಿ ಮಾತ್ರ ತೆಗೆದಿಡಿ. ಮೇಲಿನ ಮನೆಯವರು ಸಸ್ಯಾಹಾರಿಗಳಾದರೆ ಮೊದಲೇ ಒಂದು ಮಾತು ಹೇಳಿಬಿಡಿ.

ಎರಡನೇ ದಾರಿ, ಭಾನುವಾರ ಬೆಂಗಳೂರಿಗೆ ಹೋಗುವುದು. ಸೇಂಟ್ ಮಾರ್ಕ್ಸ್ ರಸ್ತೆಯ ಟ್ರಫಲ್ಸ್ ನಿಮಗೆ ಗೊತ್ತೇ ಇರುತ್ತದೆ. ಹಳೇ ಹೆಸರು, ಸಾಲು ದೊಡ್ಡದು, ಬರ್ಗರೂ ದೊಡ್ಡದು. 2024ರ ನವೆಂಬರ್‌ನಿಂದ ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೆ ಬಂದಿದೆ. ತುಮಕೂರಿಂದ ಬಸ್ಸಲ್ಲಿ ಹೋಗಿ ಅಲ್ಲೇ ಇಳಿದು ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಎಂ.ಜಿ. ರಸ್ತೆಯಲ್ಲಿ ಇಳಿದರೆ ಅಲ್ಲಿಂದ ನಡಿಗೆ ದೂರ. ಗೊರಗುಂಟೆಪಾಳ್ಯದ ಟ್ರಾಫಿಕ್ ತಪ್ಪುತ್ತದೆ. ತಿಂಗಳಿಗೊಮ್ಮೆ ಪರವಾಗಿಲ್ಲ. ವಾರವಾರ ಹೋಗುವಷ್ಟೇನೂ ಅಲ್ಲ ಅಂತ ನನಗನ್ನಿಸುತ್ತದೆ.

ಮನೆಗೆ ತರಿಸಿಕೊಳ್ಳುವ ವಿಷಯ. ಎಗ್ ಬರ್ಗರ್, ಸೀಖ್ ಬನ್ ಎರಡನ್ನೂ ತರಿಸಬೇಡಿ. ಮುಚ್ಚಿದ ಡಬ್ಬಿಯಲ್ಲಿ ಹಬೆ ಕೂತು ಬನ್ ನೆನೆದುಹೋಗುತ್ತದೆ. ಕರಿದ ಚಿಕನ್ ಬರ್ಗರ್ ಬೇಕಾದರೆ ತರಿಸಿ. ಆರ್ಡರ್ ಹಾಕುವಾಗ ಸಾಸ್ ಬೇರೆ ಕೊಡಿ ಅಂತ ಬರೆಯಿರಿ, ಬಂದ ಕೂಡಲೇ ಬಿಚ್ಚಿ ಬನ್ ಮತ್ತು ಪ್ಯಾಟಿಯನ್ನು ತವಾ ಮೇಲೆ ಎರಡು ನಿಮಿಷ ಬೇರೆ ಬೇರೆ ಬಿಸಿ ಮಾಡಿ. ಅಂದಹಾಗೆ ಎಸ್.ಎಸ್. ಪುರಂನಿಂದ ಎಸ್‌ಐಟಿ ಕಡೆಗೆ ಡೆಲಿವರಿ ಹುಡುಗನೇ ಬೇಕಾಗಿಲ್ಲ, ಚಪ್ಪಲಿ ಮೆಟ್ಟಿಕೊಂಡು ನಡೆದು ಹೋಗಬಹುದು.