ಅಜ್ಜನ ಪಿಸ್ತೂಲ್ ರಜಾಕಾರರದ್ದಾ?

ಪ್ರಶ್ನೆ: ತೀರಿಹೋದ ಅಜ್ಜನ ಸಂದೂಕದಲ್ಲಿ ಹಳೆಯ ಪಿಸ್ತೂಲ್ ಸಿಕ್ಕಿದೆ. 1948ರಲ್ಲಿ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆ್ಯಕ್ಷನ್‌ನಲ್ಲಿ ನಿಜಾಮರ ಪರ ಹೋರಾಡಿದ ಖಾಸಗಿ ಪಡೆಯ ರಜಾಕಾರರು ಬಿಟ್ಟು ಓಡಿದ್ದು ಎಂದು ಮನೆಯವರು ಹೇಳುತ್ತಾರೆ. ಅದರ ಮೇಲೆ ‘ವೆಬ್ಲಿ ಮಾರ್ಕ್ 6’, 1917, ಕಿರೀಟ, ಬಾಣಗಳಿವೆ. ಒಂದು ಕಡೆ ಎರಡು ಬಾಣ ಮೂತಿಗೆ ಮೂತಿ ಹಚ್ಚಿ ನಿಂತಿವೆ. ನಿಜವಾಗಿ ಯಾರದ್ದು? ಫೋಟೊ ಕಳಿಸಿದ್ದೇನೆ.
– ಓದುಗರು, ಬಸವಕಲ್ಯಾಣ

ಉತ್ತರ: ಇದು ಪಿಸ್ತೂಲ್ ಅಲ್ಲ, ಗುಂಡು ತುಂಬುವ ಸಿಲಿಂಡರ್ ತಿರುಗುವ ರಿವಾಲ್ವರ್. ನಮ್ಮ ಕಡೆ ಎಲ್ಲಕ್ಕೂ ಪಿಸ್ತೂಲ್ ಅಂತಲೇ ಅನ್ನೋದು, ಇರಲಿ. ನಾನು ಸೇನೆಯಲ್ಲಿ ಆರ್ಮರರ್, ಅಂದರೆ ಆಯುಧ ರಿಪೇರಿ ಮಾಡುವವ, ಆಗಿದ್ದಾಗ ಇಂಥವು ಎರಡು ಮೂರು ಕೈಗೆ ಬಂದಿದ್ದವು. ಕಿಲೊಗಿಂತ ಜಾಸ್ತಿ ತೂಕ. ಸಂಜೆ ಹೊತ್ತಿಗೆ ಮಣಿಕಟ್ಟು ನೋಯುತ್ತಿತ್ತು.

ಇದರ ಹುಟ್ಟೂರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಬ್ರಿಟಿಷ್ ಸೇನೆ ಈ ಮಾದರಿಯನ್ನು ಒಪ್ಪಿಕೊಂಡಿದ್ದು 1915ರಲ್ಲಿ. ನಿಮ್ಮದು ಮೊದಲ ಮಹಾಯುದ್ಧದ ನಡುವೆ ತಯಾರಾದದ್ದು. ಒಂಟಿ ಬಾಣ ಎಂದರೆ ಸರ್ಕಾರದ ಸೊತ್ತು. ಸರ್ಕಾರ ಅದನ್ನು ಮಾರುವಾಗ ಎದುರಿಗೆ ಇನ್ನೊಂದು ಬಾಣ ಒತ್ತುತ್ತಿತ್ತು. ಅಂದರೆ ಇದು ದಂಡಿನಿಂದ ಕದ್ದದ್ದಲ್ಲ, ಮಾರಿದ್ದು. ಯಾವಾಗ, ಯಾರಿಗೆ? ಅದನ್ನು ಬಾಣ ಹೇಳಲ್ಲ.

ಫೋಟೊದಲ್ಲಿ ಇನ್ನೊಂದು ಕಂಡಿತು. ಚೌಕಟ್ಟಿನ ನಂಬರೇ ಬೇರೆ, ಸಿಲಿಂಡರಿನ ನಂಬರೇ ಬೇರೆ. ಎಲ್ಲೋ ರಿಪೇರಿಗೆ ಹೋದಾಗ ನನ್ನಂಥವನೊಬ್ಬ ಸಿಲಿಂಡರ್ ಬದಲಿಸಿದ್ದಾನೆ.

ಇನ್ನು ರಜಾಕಾರರ ಮಾತು. ಕಬ್ಬಿಣದ ಮೇಲೆ ಅದಕ್ಕೆ ಸಾಕ್ಷಿಯಿಲ್ಲ. ಸಾಕ್ಷಿ ಇದ್ದರೆ ಸಂದೂಕದ ತಳದಲ್ಲಿ ಇದ್ದೀತು. ನಿಜಾಮರ ಕಾಲದ ಲೈಸೆನ್ಸ್ ಅಂದರೆ ಉರ್ದು ಕಾಗದ. ಅರ್ಥವಾಗಲಿಲ್ಲ ಅಂತ ಸುಮ್ನೆ ಒಲೆಗೆ ಹಾಕಬೇಡಿ. ಹಳೆಯ ಪಹಣಿ ಓದುವ ಹಿರಿಯರು ಬೀದರಿನಲ್ಲಿ ಇನ್ನೂ ಸಿಗುತ್ತಾರೆ. ಇಸವಿ ಫಸಲಿಯಲ್ಲಿದ್ದರೆ, ಅಂದರೆ ನಿಜಾಮರ ಸರ್ಕಾರದ ಲೆಕ್ಕದ ವರ್ಷದಲ್ಲಿದ್ದರೆ, 590 ಕೂಡಿಸಿ. ಫಸಲಿ 1350 ಎಂದರೆ 1940-41. ಆ ಕಾಗದದಲ್ಲಿ ಅಜ್ಜನ ಹೆಸರಿದ್ದು, ಇದೇ ನಂಬರ್ ಇದ್ದರೆ ರಜಾಕಾರರ ಕಥೆ ಅಲ್ಲಿಗೆ ಮುಗಿಯಿತು. ಅಜ್ಜ ರೊಕ್ಕ ಕೊಟ್ಟು ತಂದದ್ದು! ನನಗೇನೋ ಹಾಗೇ ಅನಿಸುತ್ತದೆ. ಓಡುವವರು ಬಿಟ್ಟುಹೋದದ್ದನ್ನು ಯಾರು ಇಷ್ಟು ಜೋಪಾನವಾಗಿ ಎಣ್ಣೆಬಟ್ಟೆಯಲ್ಲಿ ಸುತ್ತಿ ಇಡ್ತಾರೆ, ಅಲ್ವಾ?

ಅಳಿಸಿದ ಅಕ್ಷರ ಓದಲು ಮರಳು ಕಾಗದ, ಹುಣಸೆಹಣ್ಣು ಹಚ್ಚಬೇಡಿ. ನಮ್ಮ ಯೂನಿಟ್‌ನಲ್ಲಿ ಹೊಸಬನೊಬ್ಬ ತಿಕ್ಕಿ ತಿಕ್ಕಿ ಕಿರೀಟವನ್ನೇ ಅಳಿಸಿಬಿಟ್ಟಿದ್ದ. ಬೆರಳಿನಿಂದ ಸೀಮೆಸುಣ್ಣದ ಪುಡಿ ಸವರಿ, ಟಾರ್ಚನ್ನು ಅಡ್ಡಡ್ಡ ಹಿಡಿದರೆ ಸಾಕು, ಅಕ್ಷರ ಎದ್ದು ಬರುತ್ತವೆ.

ಆದರೆ ಈಗ ಅದನ್ನು ಮುಟ್ಟಲೇಬೇಡಿ, ಒಳಗೆ ಗುಂಡು ಇದ್ದರೂ ಇರಬಹುದು. ಅಜ್ಜನ ಲೈಸೆನ್ಸ್ ಅಜ್ಜನ ಜೊತೆಗೇ ಹೋಯಿತು. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ವಾರಸುದಾರರು ಅದನ್ನು ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ್ ಹತ್ತಿರ ಜಮಾ ಮಾಡಬೇಕು. ಚೀಲದಲ್ಲಿಟ್ಟು ಬಸ್ ಹತ್ತಬೇಡಿ. ಮೊದಲು ಠಾಣೆಗೆ ಫೋನ್ ಮಾಡಿ. ರಸೀದಿಯಲ್ಲಿ ನಂಬರ್ ಬರೆಸಿಕೊಳ್ಳಿ. ಚೌಕಟ್ಟಿನದ್ದು, ಸಿಲಿಂಡರಿನದ್ದು, ಎರಡೂ.